ಮೋಟಾರು ಪಂದ್ಯಗಳ ಮರಣ: ತೋರಿಸುವವರಾರು, ಉತ್ತರಿಸುವವರಾರು?

2023ನೆಯ ಇಸವಿಯ ಅಗಸ್ಟ್ 5ನೆಯ ತಾರೀಕು ಶನಿವಾರದಂದು ಚೆನ್ನೈ ನಗರದ ಹೊರವಲಯದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಶನಲ್ ಸರ್ಕ್ಯೂಟಿನಲ್ಲಿ ರಾಷ್ಟ್ರೀಯ ಮೋಟಾರುಸೈಕಲ್ ಪಂದ್ಯಾಟದ ಮೂರನೆಯ ಸುತ್ತು ನಡೆಯುತ್ತಿದ್ದಾಗ, ಬೆಂಗಳೂರಿನ ಕೊಪ್ಪರಂ ಶ್ರೇಯಸ್ ಹರೀಶ್ ಎಂಬ ಬಾಲಕನು ಬಿದ್ದು ಮೃತನಾದನು. ಅವನಿಗೆ 13 ವರ್ಷ ತುಂಬಿ ಕೆಲವೇ ದಿನಗಳಾಗಿದ್ದವು. ಅಂದು ಬೆಳಿಗ್ಗೆ ಅರ್ಹತಾ ಸುತ್ತಿನಲ್ಲಿ ಅವನೇ ಮೊದಲಿಗನಾಗಿದ್ದನು. ಹೊಸ ಸವಾರರ ವಿಭಾಗದ ಓಟ ಆರಂಭವಾಗಿ ಮೊದಲನೆಯ ತಿರುವಿನಿಂದ ಹೊರಬರುತ್ತಿದ್ದಂತೆಯೇ ಬಿದ್ದವನ ತಲೆಗೆ ತೀವ್ರ ಪೆಟ್ಟಾಯಿತು. ಓಟವನ್ನು ತತ್‌ಕ್ಷಣ ನಿಲ್ಲಿಸಿ ಸಮೀಪದ ಆಸ್ಪತ್ರೆಗೆ ಒಯ್ದರೂ ಪ್ರಯೋಜನವಾಗಲಿಲ್ಲ. ಅದೇ ತಿಂಗಳಲ್ಲಿ ಅವನು ಮಲೇಶಿಯಾದ ಸೆಪಾಂಗಿನಲ್ಲಿ ಸ್ಪರ್ಧಿಸುವವನಿದ್ದನು.

ಅದಕ್ಕೆ ಏಳು ತಿಂಗಳ ಹಿಂದೆ, ಅದೇ ವರ್ಷದ ಜನವರಿ 8ರ ಭಾನುವಾರದಂದು, ಅದೇ ಸರ್ಕ್ಯೂಟಿನಲ್ಲಿ ಇನ್ನೊಂದು ಮರಣ ಸಂಭವಿಸಿತ್ತು. ರಾಷ್ಟ್ರೀಯ ಕಾರು ಪಂದ್ಯಾಟದಲ್ಲಿ ಕೆ. ಇ. ಕುಮಾರ್ ಎಂಬ 59 ವರ್ಷದ ಅನುಭವಿ ಚಾಲಕರ ಕಾರು ಇನ್ನೊಂದು ಕಾರನ್ನು ತಾಗಿ, ಹಾದಿ ಬಿಟ್ಟು ಬೇಲಿಗೆ ಬಡಿದು, ಮಗುಚಿ ಬಿದ್ದಿತು. ಒಬ್ಬರು ಜೀವಮಾನವೆಲ್ಲ ಆ ಆಟವನ್ನು ಆಡಿ ಬಲ್ಲವರು; ಇನ್ನೊಬ್ಬನು ಈಗಷ್ಟೇ ಆಟಕ್ಕಿಳಿದವನು. ಎರಡು ಬಾರಿಯೂ ವ್ಯವಸ್ಥಾಪಕರಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಉಳಿದ ಓಟಗಳನ್ನು ರದ್ದುಪಡಿಸಿ ಗೌರವ ಸಲ್ಲಿಸಿದರು. ಈ ವರ್ತನೆ ಸಣ್ಣದೆಂದು ನಾವು ಹೇಳಲಾರೆವು. 1955ರ ಜೂನ್ 11ರಂದು ಫ್ರಾನ್ಸ್ ದೇಶದ ಲ ಮಾನ್ಸ್ ಓಟದಲ್ಲಿ ಒಂದು ಕಾರು ಜನಸಂದಣಿಯ ಮೇಲೆ ಹಾರಿ 80ಕ್ಕೂ ಮಿಕ್ಕಿ ಪ್ರೇಕ್ಷಕರು ಸತ್ತಾಗ, ಜನರು ಒಮ್ಮೆಲೇ ಹೊರಟರೆ ಆಂಬುಲೆನ್ಸುಗಳಿಗೆ ದಾರಿ ಸಿಗಲಾರದೆಂಬ ಕಾರಣ ಕೊಟ್ಟು ಓಟವನ್ನು ಮರುದಿನದವರೆಗೂ ನಡೆಸಿದ್ದರು. 2021ರ ಮೇ 30ರಂದು ಇಟಲಿಯ ಮುಜೆಲ್ಲೋದಲ್ಲಿ, ಹಿಂದಿನ ದಿನ ಬಿದ್ದಿದ್ದ 19 ವರ್ಷದ ಸವಾರ ಜೇಸನ್ ಡುಪಾಸ್ಕಿಯೇ ಸತ್ತ ಸುದ್ದಿ ಬಂದ ಮೇಲೆಯೂ ಒಂದು ನಿಮಿಷದ ಮೌನ ಆಚರಿಸಿ ಮುಖ್ಯ ಓಟವನ್ನು ಓಡಿಸಿದರು. ಅಂದು ಓಡಬಾರದಾಗಿತ್ತೆಂದು ಸವಾರರಲ್ಲೇ ಕೆಲವರು ಹೇಳಿದರು. ಆ ಮಟ್ಟಿಗೆ ಚೆನ್ನೈಯವರು ಮೇಲು. ಆದರೆ ಓಟವನ್ನು ನಿಲ್ಲಿಸುವುದು ಒಂದು, ಏಕೆ ಹೀಗಾಯಿತೆಂದು ಲೋಕಕ್ಕೆ ತಿಳಿಸುವುದು ಇನ್ನೊಂದು. ನಮ್ಮ ಇಂದಿನ ವಿಚಾರ ಆ ಎರಡನೆಯದನ್ನು ಕುರಿತದ್ದು.

‘ಇದು ಹಣವುಳ್ಳವರ ಆಟ, ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆಯ ಮುಂದೆ ನಿಲ್ಲುವವನಿಗೆ ಇದರಿಂದ ಏನಾಗಬೇಕು?’ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಕಾರು ಪಂದ್ಯವು ಹಣವುಳ್ಳವರದೆಂಬುದು ಬಹುಮಟ್ಟಿಗೆ ನಿಜವಾದರೂ ಮೋಟಾರುಸೈಕಲ್ ಪಂದ್ಯದ ಮಾತು ಹಾಗಲ್ಲ. ಅದಕ್ಕೆ ಸಾಧಾರಣ ಮನೆಗಳ ಹುಡುಗರೂ ಬರುತ್ತಾರೆ, ಬೆಂಗಳೂರಂತೂ ಅಂಥ ಸವಾರರ ತವರು. ಡಕಾರ್ ಎಂಬ ಮರಳುಗಾಡಿನ ಘೋರ ಓಟವನ್ನು 2015ರಲ್ಲಿ ಪೂರೈಸಿದ ಪ್ರಥಮ ಭಾರತೀಯ ಸಿ. ಎಸ್. ಸಂತೋಷ್ ಬೆಂಗಳೂರಿನವರೇ, 2021ರ ಜನವರಿಯಲ್ಲಿ ಸೌದಿ ಅರೇಬಿಯದಲ್ಲಿ ಅದೇ ಓಟದಲ್ಲಿ ಬಿದ್ದು, ರಿಯಾಧಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದು, ಪುಣ್ಯವಶಾತ್ ಬದುಕಿ ಬಂದರು. ಅಂಧೇರಿಯ ಹೋಟೇಲುಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಟೆಲಿವಿಜನ್ ಹಗಲೆಲ್ಲ ಹಚ್ಚಿಯೇ ಇರುತ್ತದೆ. ಗಿರಾಕಿಯ ಊಟ ಮುಗಿಯುವಷ್ಟರಲ್ಲಿ ಒಂದೇ ಅಪಘಾತವು ಪರದೆಯ ಮೇಲೆ ಐದಾರು ಸಲ ಆಗಿಹೋಗುವುದನ್ನು ತಟ್ಟೆ ಎತ್ತುವ ಹುಡುಗನು ನೋಡದೆ ಇರುತ್ತಾನೆಯೇ? ಕಾರು ಹಾರುವುದನ್ನು ನೋಡುತ್ತಾನೆ, ಬೆಂಕಿ ಏಳುವುದನ್ನು ನೋಡುತ್ತಾನೆ. ಮರುದಿನ ಆ ಪರದೆಯಲ್ಲಿ ಬೇರೆ ಸುದ್ದಿ. ಬೇಲಿ ಏಕೆ ಅಲ್ಲಿತ್ತು, ಡಾಕ್ಟರರು ಎಷ್ಟು ಹೊತ್ತಿಗೆ ತಲುಪಿದರು, ತನಿಖೆ ಮಾಡಿದವರು ಯಾರು ಎಂಬುದನ್ನು ಅವನು ಎಂದೂ ನೋಡುವುದಿಲ್ಲ.

ಸರಕಾರವು ಈ ವಿಷಯದಲ್ಲಿ ಸುಮ್ಮನಿದೆಯೆಂದು ಹೇಳುವಂತಿಲ್ಲ. 2022ರ ಡಿಸೆಂಬರ್ 30ರಂದು ಕ್ರಿಕೆಟ್ ಆಟಗಾರ ರಿಷಭ್ ಪಂತರ ಕಾರು ರೂರ್ಕಿಯ ಬಳಿ ಅಪಘಾತಕ್ಕೀಡಾದಾಗ ಚಾನೆಲುಗಳು ಅವರ ಗಾಯಗೊಂಡ ದೇಹದ ಚಿತ್ರಗಳನ್ನು ಮರೆಮಾಡದೆ ತೋರಿಸಿದುವು. ಅದರ ಬೆನ್ನಿಗೇ, ಅಂದರೆ 2023ರ ಜನವರಿ 9ರಂದು, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಎಲ್ಲ ಚಾನೆಲುಗಳಿಗೂ ಸೂಚನೆ ಹೊರಡಿಸಿ, ಶವಗಳನ್ನು, ರಕ್ತವನ್ನು, ನೋವಿನಲ್ಲಿರುವವರ ಸಮೀಪದ ಚಿತ್ರಗಳನ್ನು ತೋರಿಸುವುದು 1995ರ ಕೇಬಲ್ ಟೆಲಿವಿಜನ್ ಕಾಯಿದೆಯ ಕಾರ್ಯಕ್ರಮ ಸಂಹಿತೆಗೆ ವಿರುದ್ಧವೆಂದು ಎಚ್ಚರಿಸಿತು. ಇರುಂಗಾಟ್ಟುಕೋಟೈಯಲ್ಲಿ ಕುಮಾರರು ಸತ್ತದ್ದು ಅದರ ಹಿಂದಿನ ದಿನ. ಸೂಚನೆಯು ಯೋಗ್ಯವಾದದ್ದೇ. ಆದರೆ ಅದು ತೋರಿಸಬಾರದ್ದನ್ನು ಮಾತ್ರ ಹೇಳುತ್ತದೆ. ವಿಚಾರಿಸಬೇಕಾದುದನ್ನು ಯಾವ ಸೂಚನೆಯೂ ಹೇಳುವುದಿಲ್ಲ. ಕಣ್ಣು ಮುಚ್ಚಿಕೊಂಡ ಮಾತ್ರಕ್ಕೆ ಸಭ್ಯತೆ ಪೂರ್ತಿಯಾಯಿತೆಂದು ನಾವು ತಿಳಿದುಕೊಂಡರೆ, ಆ ಮುಚ್ಚಿದ ಕಣ್ಣಿನಿಂದ ಲಾಭವಾಗುವುದು ಸತ್ತವನ ಮನೆಯವರಿಗೋ, ಉತ್ತರ ಕೊಡಬೇಕಾದವರಿಗೋ ಎಂಬ ಸಂದೇಹ ಉಳಿಯುತ್ತದೆ.

ಈ ಸಂದೇಹ ನಿರಾಧಾರವಲ್ಲವೆಂಬುದಕ್ಕೆ ಪಾಶ್ಚಾತ್ಯ ದೇಶಗಳ ಅನುಭವವೇ ಸಾಕ್ಷಿ. 1973ರ ಜುಲೈ 29ರಂದು ಹಾಲೆಂಡಿನ ಜಾಂಡ್‌ವೂರ್ಟಿನಲ್ಲಿ ರೋಜರ್ ವಿಲಿಯಮ್ಸನ್ ಎಂಬ ಇಂಗ್ಲಿಷ್ ತರುಣನ ಕಾರು ತಲೆಕೆಳಗಾಗಿ ಬೆಂಕಿ ಹತ್ತಿತು. ಅವನು ಒಳಗೆ ಸಿಕ್ಕಿಬಿದ್ದಿದ್ದನು. ಡೇವಿಡ್ ಪರ್ಲೀ ಎಂಬ ಇನ್ನೊಬ್ಬ ಚಾಲಕನು ತನ್ನ ಕಾರನ್ನು ನಿಲ್ಲಿಸಿ ಓಡಿಬಂದು, ಒಬ್ಬನೇ ಆ ಉರಿಯುವ ಕಾರನ್ನು ಎತ್ತಿ ಮಗುಚಲು ಹೆಣಗಿದನು. ಬೆಂಕಿ ಆರಿಸುವ ಉಪಕರಣವನ್ನು ತಾನೇ ಕಸಿದುಕೊಂಡು ಪ್ರಯೋಗಿಸಿದನು. ಸುತ್ತ ನಿಂತಿದ್ದ ನೌಕರರ ಮೈಮೇಲೆ ಬೆಂಕಿ ತಡೆಯುವ ಬಟ್ಟೆಯಿರಲಿಲ್ಲ, ಅವರು ಹತ್ತಿರ ಹೋಗಲಾರದಾದರು. ಅತ್ತ ಓಟ ನಡೆದೇ ಇತ್ತು. ರಸ್ತೆಯ ಬದಿಯಲ್ಲಿ ನಿಂತಿದ್ದ ಪರ್ಲೀಯನ್ನು ಕಂಡ ಇತರ ಚಾಲಕರು, ಉರಿಯುತ್ತಿರುವ ಕಾರು ಅವನದೇ, ಅವನು ಪಾರಾಗಿದ್ದಾನೆ ಎಂದು ಭಾವಿಸಿ ಮುಂದೆ ಸಾಗಿದರು. ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇದೆಲ್ಲವೂ ಟೆಲಿವಿಜನ್ನಿನಲ್ಲಿ ನಡೆಯುತ್ತಿದ್ದಂತೆಯೇ ಪ್ರಸಾರವಾಯಿತು. ನೋಡಿದವರಿಗೆ ಅದು ಮರೆಯಲಾಗದ ಯಾತನೆಯಾಯಿತೆಂಬುದು ನಿಜ. ಆದರೆ ಆ ಚಿತ್ರವಿಲ್ಲದಿದ್ದರೆ ವ್ಯವಸ್ಥಾಪಕರ ಅಸಿದ್ಧತೆಯನ್ನು ಯಾರು ನಂಬುತ್ತಿದ್ದರು? ‘ಎಲ್ಲ ಪ್ರಯತ್ನ ಮಾಡಿದೆವು, ದೈವ ಒಲಿಯಲಿಲ್ಲ’ ಎಂಬ ಒಂದು ಪ್ರಕಟಣೆಯಲ್ಲಿ ಅದು ಮುಗಿದುಹೋಗುತ್ತಿತ್ತು. ಪರ್ಲೀಗೆ ಬ್ರಿಟನ್ ಸರಕಾರವು ಜಾರ್ಜ್ ಪದಕವನ್ನಿತ್ತಿತು.

ಮುಂದೆ 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಐರ್ಟನ್ ಸೆನ್ನಾ ಸತ್ತಾಗ, ಮುಖ್ಯ ಚಿತ್ರಗಳು ಇಟಲಿಯ ಪ್ರಸಾರ ಸಂಸ್ಥೆಯಿಂದ ಬರುತ್ತಿದ್ದುವು. ಆ ಚಿತ್ರಗಳು ಅತಿಯಾದುವೆಂದು ಕಂಡಾಗ ಬಿಬಿಸಿಯವರು ಅವುಗಳಿಂದ ಹೊರಳಿ ತಮ್ಮದೇ ಕೆಮರಾದ ಚಿತ್ರಗಳನ್ನು ತೋರಿಸಿದರು. ಎರಡು ಬೇರೆ ಬೇರೆ ಕಣ್ಣುಗಳಿದ್ದುವು, ಆರಿಸಿಕೊಳ್ಳಲು ಅವಕಾಶವಿತ್ತು ಎಂಬುದು ಇಲ್ಲಿ ಮುಖ್ಯ. ಇಂದು ಹಾಗಿಲ್ಲ. ಫಾರ್ಮುಲಾ ಒನ್ ಓಟದ ಚಿತ್ರಗಳನ್ನು ಜಗತ್ತಿಗೆಲ್ಲ ಕಳುಹಿಸುವುದು ಆ ಓಟದ ವ್ಯಾಪಾರವನ್ನು ನಡೆಸುವ ಸಂಸ್ಥೆಯೇ. ಮೋಟಾರುಸೈಕಲ್ಲಿನ ಮೋಟೋ ಜಿಪಿಯಲ್ಲಿಯೂ ಹಾಗೆಯೇ. ಮುಂಬಯಿಯಲ್ಲಿ ಕುಳಿತ ಚಾನೆಲಿನವರು ಹಣ ಕೊಟ್ಟು ಆ ಚಿತ್ರವನ್ನು ತರಿಸಿ, ಮಾತು ಸೇರಿಸಿ, ಜಾಹೀರಾತು ಹಾಕಿ ನಮಗೆ ಬಡಿಸುತ್ತಾರೆ. ಅಡಿಗೆ ಅವರದಲ್ಲ.

ಚಾಲಕನು ಕ್ಷೇಮವೆಂದು ತಿಳಿಯುವವರೆಗೂ ಭೀಕರ ಅಪಘಾತವನ್ನು ಮತ್ತೆ ತೋರಿಸಬಾರದೆಂಬುದು ಈ ಸಂಸ್ಥೆಗಳ ಈಗಿನ ಸಂಪ್ರದಾಯ. ಒಳ್ಳೆಯ ಸಂಪ್ರದಾಯವೇ, ಮನೆಯಲ್ಲಿ ಕುಳಿತ ತಾಯಿಗೆ ಮಗನ ಸಾವು ಪರದೆಯಿಂದ ತಿಳಿಯಬಾರದು. ಆದರೆ ಕ್ಷೇಮವೆಂದು ತಿಳಿದ ಕೂಡಲೇ ಏನಾಗುತ್ತದೆಂಬುದನ್ನೂ ನೋಡಬೇಕು. 2020ರ ನವೆಂಬರ್ 29ರಂದು ಬಹರೇನಿನಲ್ಲಿ ರೊಮಾನ್ ಗ್ರೋಜಾನ್ ಎಂಬವರ ಕಾರು ಬೇಲಿಯನ್ನು ಸೀಳಿಕೊಂಡು ಎರಡು ತುಂಡಾಗಿ ಉರಿಯಿತು; ಸುಮಾರು ಅರ್ಧ ನಿಮಿಷ ಬೆಂಕಿಯಲ್ಲಿದ್ದು ಅವರು ಹೊರಬಂದರು. 2018ರಿಂದ ಕಡ್ಡಾಯವಾದ, ಚಾಲಕನ ತಲೆಯ ಸುತ್ತಣ ಹೇಲೋ ಎಂಬ ಲೋಹದ ಕಮಾನು ಅವರ ಪ್ರಾಣ ಕಾಯಿತು. ಅವರು ಬದುಕಿದ್ದಾರೆಂದು ಗೊತ್ತಾದ ಮೇಲೆ ಓಟ ಮತ್ತೆ ಆರಂಭವಾಗುವವರೆಗಿನ ಅವಧಿಯಲ್ಲಿ ಆ ಬೆಂಕಿಯನ್ನು ಎಷ್ಟು ಬಾರಿ ತೋರಿಸಿದರೆಂದರೆ, ಅದೇ ರಸ್ತೆಯಲ್ಲಿ ಮತ್ತೆ ಕಾರು ಓಡಿಸಬೇಕಾಗಿದ್ದ ಡೇನಿಯಲ್ ರಿಕ್ಯಾರ್ಡೊ ಎಂಬ ಚಾಲಕರು ಇದು ಅಗೌರವವೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಸತ್ತರೆ ಮರೆ, ಬದುಕಿದರೆ ಮೆರವಣಿಗೆ ಎಂಬಂತಾಯಿತು.

ಮರೆಯ ಮಾತು ಬಂದುದರಿಂದ ಜೂಲ್ ಬಿಯಾಂಕಿಯ ಪ್ರಕರಣವನ್ನು ತುಸು ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ನಮ್ಮ ವಾದದ ತಿರುಳು ಅದರಲ್ಲಿದೆ. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ, ಮಳೆಯಲ್ಲಿ, ಮೊದಲೇ ಜಾರಿ ನಿಂತಿದ್ದ ಒಂದು ಕಾರನ್ನು ಎತ್ತಲು ಕ್ರೇನು ಬಂದು ನಿಂತಿತ್ತು. ಓಟವನ್ನು ನಿಲ್ಲಿಸಿರಲಿಲ್ಲ; ಹಳದಿ ಬಾವುಟ ಬೀಸುತ್ತಿದ್ದರು. ಅಲ್ಲಿಯೇ ಜಾರಿದ ಬಿಯಾಂಕಿಯ ಕಾರು ಆ ಕ್ರೇನಿಗೇ ಬಡಿಯಿತು. ಒಂಬತ್ತು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿ 2015ರ ಜುಲೈ 17ರಂದು ಅವನು ತೀರಿಕೊಂಡನು. ಅಂದಿನ ಪ್ರಸಾರದಲ್ಲಿ ಆ ಢಿಕ್ಕಿಯ ಚಿತ್ರ ಬರಲೇ ಇಲ್ಲ. ಲೋಕಕ್ಕೆ ಅದು ಕಂಡದ್ದು ಪ್ರೇಕ್ಷಕನೊಬ್ಬನು ತೆಗೆದ ಚಿತ್ರದ ಮೂಲಕ. ಆ ಮೇಲೆ ಹತ್ತು ಮಂದಿಯ ಸಮಿತಿಯನ್ನು ಜಾಗತಿಕ ಒಕ್ಕೂಟವಾದ ಎಫ್‌ಐಎ ನೇಮಿಸಿತು. ಅದು 396 ಪುಟಗಳ ವರದಿಯನ್ನು ತಯಾರಿಸಿ, ಚಾಲಕನು ಸಾಕಷ್ಟು ವೇಗ ಕಡಿಮೆ ಮಾಡಿರಲಿಲ್ಲವೆಂಬುದನ್ನು ಒಂದು ಮುಖ್ಯ ಕಾರಣವಾಗಿ ಹೇಳಿತು. ನೇಮಿಸಿದವರೂ ಅವರೇ, ಓಟದ ನಿಯಮ ಬರೆದವರೂ ಅವರೇ. ಆದರೂ ಒಂದು ವರದಿಯೆಂಬುದು ಆಯಿತು, ಅದರ ಸಾರಾಂಶ ಪ್ರಕಟವಾಯಿತು, ಅಪಾಯದ ವೇಳೆ ಎಲ್ಲ ಕಾರುಗಳೂ ಕಡ್ಡಾಯವಾಗಿ ನಿಧಾನಿಸಬೇಕೆಂಬ ಹೊಸ ಏರ್ಪಾಡು 2015ರಿಂದ ಜಾರಿಗೆ ಬಂತು. ಇಷ್ಟಾಗಿಯೂ 2022ರ ಅಕ್ಟೋಬರಿನಲ್ಲಿ ಅದೇ ಸುಜುಕಾದಲ್ಲಿ, ಅದೇ ಮಳೆಯಲ್ಲಿ, ಓಡುತ್ತಿರುವ ಕಾರುಗಳ ಹಾದಿಗೆ ಮತ್ತೆ ಕ್ರೇನು ಇಳಿಯಿತು. ಪಿಯರ್ ಗಾಸ್ಲಿ ಎಂಬ ಚಾಲಕನು ಅದರ ಪಕ್ಕದಲ್ಲೇ ಹಾದುಹೋಗಿ ಕೂದಲೆಳೆಯಲ್ಲಿ ಪಾರಾದನು.

ವರದಿ ಪ್ರಕಟವಾದಲ್ಲಿಯೇ ಪಾಠ ಹೀಗೆ ಮರೆತುಹೋಗುವುದಾದರೆ, ವರದಿಯೇ ಜನರ ಕೈಗೆ ಬರದ ಕಡೆಯ ಗತಿ ಏನೆಂಬುದನ್ನು ವಾಚಕರೇ ಊಹಿಸಲಿ.

ನಮ್ಮ ದೇಶದಲ್ಲಿ ಈ ಆಟದ ಒಡೆತನ ಫೆಡರೇಶನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಎಂಬ ಒಕ್ಕೂಟದ್ದು. ಕೇಂದ್ರ ಸರಕಾರದ ಕ್ರೀಡಾ ಸಚಿವಾಲಯದ ಮನ್ನಣೆ ಅದಕ್ಕಿದೆ. ಸ್ಪರ್ಧಿಗೆ ಪರವಾನಗಿ ಕೊಡುವುದು ಒಕ್ಕೂಟ. ಓಟ ನಡೆಸುವುದು ಒಕ್ಕೂಟದ ಸದಸ್ಯ ಕ್ಲಬ್ಬು. ಪಂದ್ಯಕ್ಕೆ ಹಣ ಮತ್ತು ಹೆಸರು ಕೊಡುವುದು ಟಯರು, ಬೈಕುಗಳ ಕಾರಖಾನೆಗಳು. ಇವರಲ್ಲಿ ಯಾರನ್ನೂ ಅಪರಾಧಿಯೆಂದು ಕರೆಯುವ ಉದ್ದೇಶ ನಮಗಿಲ್ಲ. ಈ ಮಂದಿ ಇಲ್ಲದಿದ್ದರೆ ಹುಡುಗರು ಹೆದ್ದಾರಿಯಲ್ಲಿ ಓಡಿಸಿ ಸಾಯುತ್ತಿದ್ದರು ಎಂಬ ಅವರ ಮಾತಿನಲ್ಲಿ ಸತ್ಯಾಂಶವಿದೆ. ಸರ್ಕ್ಯೂಟಿನಲ್ಲಿ ಆಂಬುಲೆನ್ಸು ಉಂಟು, ಡಾಕ್ಟರರು ಉಂಟು, ಮೈತುಂಬ ಚರ್ಮದ ಉಡುಪು ಉಂಟು. ಆದರೆ ಅನುಮತಿ ಕೊಡುವವರು, ನಡೆಸುವವರು, ತನಿಖೆ ಮಾಡುವವರು ಎಲ್ಲರೂ ಒಂದೇ ಮನೆಯವರಾದಾಗ, ಹೊರಗಿನವನೊಬ್ಬನು ಪ್ರಶ್ನೆ ಕೇಳಬೇಕಾಗುತ್ತದೆ. ಆ ಹೊರಗಿನವನು ಪತ್ರಿಕೆ ಮತ್ತು ಟೆಲಿವಿಜನ್ ಆಗಿರಬೇಕಿತ್ತು.

ಕಾನೂನು ಏನು ಹೇಳುತ್ತದೆಂದು ಕೇಳಬಹುದು. ಈ ವಿಷಯದ ಹಳೆಯ ತೀರ್ಪೊಂದು ಇಂಗ್ಲೆಂಡಿನದು. 1930ರಲ್ಲಿ ಬ್ರೂಕ್‌ಲೆಂಡ್ಸ್ ಎಂಬ ಓಟದ ಮೈದಾನದಲ್ಲಿ ಎರಡು ಕಾರುಗಳು ತಾಗಿ, ಒಂದು ಬೇಲಿಗೆ ನುಗ್ಗಿ, ಪ್ರೇಕ್ಷಕರಲ್ಲಿ ಇಬ್ಬರು ಸತ್ತು ಹಲವರು ಗಾಯಗೊಂಡರು. ಗಾಯಗೊಂಡವನೊಬ್ಬನು ದಾವೆ ಹೂಡಿದಾಗ ಜ್ಯೂರಿಯವರು ಅವನ ಪರವಾಗಿ ಹೇಳಿದರೂ, ಮೇಲಿನ ನ್ಯಾಯಾಲಯವು 1932ರಲ್ಲಿ ಅದನ್ನು ತಳ್ಳಿಹಾಕಿತು: ವ್ಯವಸ್ಥಾಪಕರು ಯುಕ್ತವಾದ ಎಚ್ಚರ ವಹಿಸಿದ್ದರೆ ಸಾಕು, ಇಂಥ ಆಟದಲ್ಲಿ ಸಹಜವಾದ ಅಪಾಯವನ್ನು ನೋಡಲು ಬಂದವನು ತಾನೇ ಒಪ್ಪಿಕೊಂಡಂತೆ. ಟಿಕೇಟು ಕೊಂಡವನ ಗತಿಯೇ ಹೀಗಾದರೆ, ಬರವಣಿಗೆಯಲ್ಲಿ ‘ನನ್ನ ಸ್ವಂತ ಹೊಣೆಯಲ್ಲಿ ಭಾಗವಹಿಸುತ್ತೇನೆ’ ಎಂದು ರುಜು ಹಾಕಿದ ಸ್ಪರ್ಧಿಯ ಮಾತೇನು!

ಇಲ್ಲಿ ನಮ್ಮ ಹೋಟೇಲು ಬಂಧುಗಳು ಗಮನಿಸತಕ್ಕ ಒಂದು ಸಂಗತಿಯಿದೆ. ಒಂದು ಕಾಲದಲ್ಲಿ ಕಾರಖಾನೆಯ ಮಾಲಿಕರೂ ಇದೇ ಮಾತನ್ನಾಡುತ್ತಿದ್ದರು: ಯಂತ್ರ ಅಪಾಯಕಾರಿಯೆಂದು ಗೊತ್ತಿದ್ದೇ ಕೆಲಸಕ್ಕೆ ಸೇರಿದೆ, ಕೈ ಹೋದರೆ ಅದು ನಿನ್ನ ಹಣೆಬರಹ. ಈ ವಾದವನ್ನು ನಮ್ಮ ದೇಶದ ಶಾಸನಸಭೆಯು ಒಪ್ಪಲಿಲ್ಲ. 1923ರ ಕಾಯಿದೆಯು ಕೆಲಸದ ವೇಳೆ ಗಾಯವಾದವನಿಗೆ ಪರಿಹಾರ ಕೊಡುವ ಭಾರವನ್ನು ಧಣಿಯ ಮೇಲೆ ಹೊರಿಸಿತು. 1938ರ ಕಾಯಿದೆಯು, ಅಪಾಯವನ್ನು ಪೂರ್ತಿಯಾಗಿ ವಿವರಿಸಿ ತಿಳಿಸಿದ್ದೇನೆ, ತಿಳಿದೇ ಅವನು ಒಪ್ಪಿಕೊಂಡಿದ್ದಾನೆ ಎಂದು ಧಣಿಯು ಸಿದ್ಧಪಡಿಸದ ಹೊರತು, ಕೆಲಸಗಾರನು ಅಪಾಯವನ್ನು ಮೈಮೇಲೆ ಎಳೆದುಕೊಂಡನೆಂದು ತಿಳಿಯಬಾರದೆಂದಿತು. ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವನಿಗೆ ಕಾನೂನು ತೋರಿಸಿದ ಈ ವಿವೇಕವು ಪಂದ್ಯದ ಹುಡುಗನಿಗೆ ಏಕೆ ಸಲ್ಲಬಾರದು? 13 ವರ್ಷದವನು ಅಪಾಯವನ್ನು ‘ಪೂರ್ತಿಯಾಗಿ ತಿಳಿದು’ ಒಪ್ಪಿಕೊಳ್ಳುವುದು ಸಾಧ್ಯವೇ? ಅವನ ಪರವಾಗಿ ತಂದೆ ತಾಯಿ ರುಜು ಹಾಕುತ್ತಾರೆ. ಆದರೆ ಅವರ ಮುಂದೆ ಹಿಂದಿನ ಅಪಘಾತಗಳ ವರದಿಗಳನ್ನು ಇಟ್ಟವರಾರು?

ವಯಸ್ಸಿನ ವಿಷಯದಲ್ಲಿ ನಮ್ಮ ಕಾನೂನಿನ ವೈಚಿತ್ರ್ಯವೂ ಒಂದಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಗೇರಿನ ಮೋಟಾರುಸೈಕಲ್ಲನ್ನು ರಸ್ತೆಯಲ್ಲಿ ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತನು ಅಪರಾಧ ಮಾಡಿದರೆ ವಾಹನದ ಒಡೆಯನಿಗೆ ಅಥವಾ ಪಾಲಕರಿಗೆ ಮೂರು ವರ್ಷದ ತನಕ ಶಿಕ್ಷೆ, 25,000 ರೂಪಾಯಿ ದಂಡ. ಗೋಡೆ ಕಟ್ಟಿದ ಸರ್ಕ್ಯೂಟಿನ ಒಳಗೆ ಮಾತ್ರ ಈ ಲೆಕ್ಕವಿಲ್ಲ. ಅಲ್ಲಿ ಒಕ್ಕೂಟದ ಪರವಾನಗಿ ಸಾಕು. ಎಳವೆಯಲ್ಲಿ ಕಲಿಯದೆ ಲೋಕಮಟ್ಟದ ಸವಾರನಾಗಲಾರನೆಂದು ಆಟದವರು ಹೇಳುತ್ತಾರೆ. ಇರಬಹುದು. ಆದರೆ ಆ ಲೋಕಮಟ್ಟದವರೇ 2021ರಲ್ಲಿ 14, 15 ಮತ್ತು 19 ವರ್ಷದ ಮೂವರನ್ನು ಕಳೆದುಕೊಂಡ ಬಳಿಕ ಎಚ್ಚತ್ತು, 2023ರಿಂದ ತಮ್ಮ ವಿಶ್ವ ಪಂದ್ಯಕ್ಕೆ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿದರು. ಕಿರಿಯರ ಪಂದ್ಯಗಳಲ್ಲಿಯೂ ವಯಸ್ಸನ್ನು ಏರಿಸಿ ಒಂದೇ ಓಟಕ್ಕೆ ನಿಲ್ಲುವವರ ಸಂಖ್ಯೆಯನ್ನು ತಗ್ಗಿಸಿದರು. ಕಾರಣ ಸ್ಪಷ್ಟ. ಹಗುರಾದ ಒಂದೇ ಬಗೆಯ ಬೈಕುಗಳ ಮೇಲೆ ಹುಡುಗರು ಗುಂಪಾಗಿ, ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರ ಓಡುತ್ತಾರೆ. ಮುಂದಿನವನು ಬಿದ್ದರೆ ಹಿಂದಿನವನಿಗೆ ತಪ್ಪಿಸಲು ಎಡೆಯಿಲ್ಲ. ಅತ್ಯುತ್ತಮ ಹೆಲ್ಮೆಟ್ಟೂ ಅಲ್ಲಿ ಅರ್ಧ ರಕ್ಷಣೆ ಮಾತ್ರ.

ನ್ಯಾಯಾಲಯಗಳಿಂದಲೇ ಎಲ್ಲ ಸರಿಹೋದೀತೆಂಬ ಭ್ರಮೆಯೂ ನಮಗಿಲ್ಲ. 1957ರಲ್ಲಿ ಇಟಲಿಯ ಮಿಲೆ ಮಿಲಿಯಾ ಎಂಬ ರಸ್ತೆಯೋಟದಲ್ಲಿ ಫೆರಾರಿ ಕಾರೊಂದು ಇಬ್ಬರು ಸವಾರರೊಡನೆ ಒಂಬತ್ತು ಪ್ರೇಕ್ಷಕರನ್ನು ಬಲಿತೆಗೆದುಕೊಂಡಿತು. ಅವರಲ್ಲಿ ಐವರು ಮಕ್ಕಳು. ಎಂಝೋ ಫೆರಾರಿಯ ಮೇಲೆ ಟಯರಿನ ವಿಷಯವಾಗಿ ಮೊಕದ್ದಮೆ ನಡೆದು 1961ರಲ್ಲಿ ಖುಲಾಸೆಯಾಯಿತು. ಸೆನ್ನಾನ ಕಾರಿನ ಸ್ಟಿಯರಿಂಗ್ ದಂಡವನ್ನು ಕೆಟ್ಟದಾಗಿ ಮಾರ್ಪಡಿಸಲಾಗಿತ್ತು, ಅದಕ್ಕೆ ಕಂಪೆನಿಯ ಮುಖ್ಯ ಇಂಜಿನಿಯರರು ಹೊಣೆ ಎಂದು ಇಟಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2007ರಲ್ಲಿ. ಅಷ್ಟರಲ್ಲಿ 13 ವರ್ಷ ಸಂದು, ಶಿಕ್ಷೆ ವಿಧಿಸುವ ಅವಧಿಯೇ ಮೀರಿಹೋಗಿತ್ತು.

ನಮ್ಮಲ್ಲಿ 2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡ್ಮೇರಿನಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದಾಗ, ಓಟಕ್ಕಾಗಿ ಮುಚ್ಚಿದ್ದ ರಸ್ತೆಗೆ ಮೋಟಾರುಸೈಕಲ್ಲಿನ ಮೇಲೆ ಬಂದ ಒಂದೇ ಕುಟುಂಬದ ಮೂವರು, ತಂದೆ ತಾಯಿ ಮಗ, ಗೌರವ್ ಗಿಲ್ಲರ ಕಾರಿಗೆ ಸಿಕ್ಕಿ ಸತ್ತರು. ಇವರು ಟಿಕೇಟು ಕೊಂಡವರಲ್ಲ, ರುಜು ಹಾಕಿದವರಲ್ಲ; ತಮ್ಮ ಊರಿನ ದಾರಿಯಲ್ಲಿ ಹೊರಟವರು. ಆದರೂ ಅಂದಿನ ಸುದ್ದಿಯೆಲ್ಲ ಅರ್ಜುನ ಪ್ರಶಸ್ತಿ ಪಡೆದ ಚಾಲಕರ ಸುತ್ತ ಹೆಣೆದಿತ್ತು. ಊರಿನ ರಸ್ತೆಯನ್ನು ಓಟಕ್ಕೆ ಕೊಡುವಾಗ ಪ್ರತಿಯೊಂದು ಕಾಲುದಾರಿಯ ಬಾಯಲ್ಲಿ ಕಾವಲು ಇತ್ತೇ, ಹಳ್ಳಿಯವರಿಗೆ ತಿಳಿಯುವ ಭಾಷೆಯಲ್ಲಿ ಡಂಗುರವಾಗಿತ್ತೇ ಎಂಬುದು ಕೊನೆಯ ಸಾಲಿನಲ್ಲಿ ಬರಬೇಕಾದ ಮಾತಲ್ಲ.

ಯಾರ ಸಾವು ಸುದ್ದಿ, ಯಾರದು ಅಲ್ಲ ಎಂಬ ಈ ಭೇದವನ್ನು ಅಂಧೇರಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರೋಡಿನಲ್ಲಿ ಫರಸಾಣಿನ ಅಂಗಡಿಯೊಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ 12 ಮಂದಿ ಕೆಲಸಗಾರರು ಸುಟ್ಟು ಸತ್ತರು. ಹನ್ನೊಂದು ದಿನಗಳ ಮೇಲೆ ಲೋವರ್ ಪರೇಲಿನ ಕಮಲಾ ಮಿಲ್ಸಿನ ಮೋಜಿನ ಕೊಠಡಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಎರಡನೆಯದು ಇಂದಿಗೂ ಎಲ್ಲರ ನೆನಪಿನಲ್ಲಿದೆ. ಮೊದಲನೆಯದನ್ನು ನೆನಪಿಟ್ಟುಕೊಂಡವರು ಬಹುಶಃ ಆ ಬೀದಿಯವರು ಮತ್ತು ಇಂಥ ಅಂಗಡಿಗಳಲ್ಲೇ ಮಲಗುವ ನಮ್ಮವರು ಮಾತ್ರ.

ಟೆಲಿವಿಜನ್ನಿನಿಂದ ಒಳ್ಳೆಯದಾಗಲಾರದೆಂದಲ್ಲ. 2022ರ ಸೆಪ್ಟೆಂಬರ್ 4ರಂದು ಅಹಮದಾಬಾದ್ ಹೆದ್ದಾರಿಯಲ್ಲಿ ಪಾಲಘರದ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಕಾರು ಅಪಘಾತದಲ್ಲಿ ಸತ್ತಾಗ, ಪತ್ರಿಕೆಗಳೂ ಚಾನೆಲುಗಳೂ ಎರಡು ಪ್ರಶ್ನೆಗಳನ್ನು ಬಿಡದೆ ಹಿಡಿದುವು: ಹಿಂದಿನ ಸೀಟಿನವರು ಬೆಲ್ಟು ಏಕೆ ಹಾಕಿರಲಿಲ್ಲ, ಸೂರ್ಯಾ ನದಿಯ ಸೇತುವೆಯ ಮೇಲೆ ರಸ್ತೆ ಏಕೆ ಒಮ್ಮೆಲೇ ಕಿರಿದಾಗುತ್ತದೆ. ಮುಂಬಯಿ ಪೊಲೀಸರು ನವೆಂಬರ್ 1ರಿಂದ ಎಲ್ಲ ಸೀಟುಗಳಿಗೂ ಬೆಲ್ಟು ಕಡ್ಡಾಯವೆಂದು ಸಾರಿದರು. ಅಪಘಾತದ ಚಿತ್ರಕ್ಕಿಂತ ರಸ್ತೆಯ ನಕ್ಷೆಯನ್ನು ಹೆಚ್ಚು ಹೊತ್ತು ತೋರಿಸಿದರೆ ಏನಾಗುತ್ತದೆಂಬುದಕ್ಕೆ ಇದು ಉದಾಹರಣೆ. ಪಂದ್ಯದ ಸಾವಿನಲ್ಲಿಯೂ ಇದೇ ರೀತಿಯನ್ನು ಅನುಸರಿಸಬಾರದೇಕೆ? ಓಟದ ಪ್ರಸಾರದ ಹಕ್ಕನ್ನು ಕೊಳ್ಳುವ ಚಾನೆಲು, ಮರಣ ಸಂಭವಿಸಿದಾಗ ಕತ್ತರಿಸದ ಚಿತ್ರವು ತನಿಖೆಯವರಿಗೂ ಮೃತರ ಮನೆಯವರಿಗೂ ಸಿಗಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಬಹುದು; ಜನರಿಗೆ ಅದನ್ನು ತೋರಿಸುವ ಅಗತ್ಯವಿಲ್ಲ. ಮನ್ನಣೆ ಕೊಟ್ಟ ಕ್ರೀಡಾ ಸಚಿವಾಲಯವು, ಆಟದ ಹೊರಗಿನ ಒಬ್ಬ ಡಾಕ್ಟರರೂ ಒಬ್ಬ ಇಂಜಿನಿಯರರೂ ಇರುವ ಸಮಿತಿಯಿಂದ ತನಿಖೆಯಾಗಿ, ಇಷ್ಟು ದಿನಗಳೊಳಗೆ ವರದಿ ಪ್ರಕಟವಾಗತಕ್ಕದ್ದೆಂದು ಒಕ್ಕೂಟಕ್ಕೆ ವಿಧಿಸಬಹುದು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ವರದಿ ಬಂದ ದಿನ ಅದನ್ನು, ಅಪಘಾತಕ್ಕೆ ಕೊಟ್ಟಷ್ಟೇ ಹೊತ್ತು, ಅದೇ ಪರದೆಯಲ್ಲಿ ಓದಿಹೇಳುವುದು ಚಾನೆಲಿನ ಕೆಲಸ.

ಇನ್ನು ನಮ್ಮ ಮನೆ ಬಾಗಿಲಿನ ಮಾತು. ಅಂಧೇರಿಯ ಮಧ್ಯದಿಂದ ಹಾದುಹೋಗುವ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಶನಿವಾರದ ನಡುರಾತ್ರಿಯ ಮೇಲೆ ಬೈಕುಗಳ ಆರ್ಭಟ ಕೇಳದವರಿಲ್ಲ. ಮೇಲಿನ ಕಾಯಿದೆಯ 189ನೆಯ ಕಲಮಿನಂತೆ ಸರಕಾರದ ಲಿಖಿತ ಸಮ್ಮತಿಯಿಲ್ಲದ ಓಟ ಅಪರಾಧ: ಮೊದಲ ಬಾರಿ ಮೂರು ತಿಂಗಳ ತನಕ ಸಜೆ ಅಥವಾ 5,000 ರೂಪಾಯಿ ದಂಡ, ಮತ್ತೆ ಮಾಡಿದರೆ ಒಂದು ವರ್ಷ ಅಥವಾ 10,000. ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ವಿಮೆಯ ಮಾತು. ಓಟಕ್ಕೆ ಅಥವಾ ವೇಗದ ಪರೀಕ್ಷೆಗೆ ವಾಹನವನ್ನು ಬಳಸಿದರೆ ತಾನು ಹೊಣೆಯಲ್ಲವೆಂದು ಷರತ್ತು ಹಾಕಲು ಕಾಯಿದೆಯು ವಿಮಾ ಕಂಪೆನಿಗೆ ಅವಕಾಶ ಕೊಟ್ಟಿದೆ. ವಿಮಾ ಕಚೇರಿಗಳಲ್ಲಿ ದುಡಿಯುವ ನಮ್ಮ ಕಾರಕೂನ ಬಂಧುಗಳಿಗೆ ಆ ಸಣ್ಣ ಅಕ್ಷರದ ಸಾಲು ಚೆನ್ನಾಗಿ ಪರಿಚಿತ. ಬೈಕಿನ ಜಾಹೀರಾತಿನಲ್ಲಿಯೂ ಒಂದು ಸಣ್ಣ ಅಕ್ಷರದ ಸಾಲು ಬರುತ್ತದೆ, ನುರಿತವರು ಮಾಡಿದ್ದು, ಅನುಕರಿಸಬೇಡಿ ಎಂದು. ಹೋಟೇಲಿನ ಹುಡುಗನು ಆ ಎರಡು ಸಾಲುಗಳಲ್ಲಿ ಒಂದನ್ನೂ ಓದಿರುವುದಿಲ್ಲ.

ಮಗನನ್ನು, ತಮ್ಮನನ್ನು ನಿಜವಾದ ಸರ್ಕ್ಯೂಟಿಗೆ ಕಳುಹಿಸುವ ಮನಸ್ಸುಳ್ಳವರು ಊರಿನಲ್ಲೂ ಇಲ್ಲಿಯೂ ಇದ್ದಾರೆ. ಅವರನ್ನು ತಡೆಯುವುದು ನಮ್ಮ ಕೆಲಸವಲ್ಲ. ಆದರೆ ಕ್ಲಬ್ಬಿನವರು ರುಜುವಿಗಾಗಿ ಮುಂದಿಡುವ ಕಾಗದವನ್ನು ಅಲ್ಲೇ ನಿಂತು ಹಾಕಿಕೊಡದೆ ಮನೆಗೆ ತಂದು, ಇಂಗ್ಲಿಷ್ ಬಲ್ಲ ಒಬ್ಬರಿಂದ ಪೂರ್ತಿ ಓದಿಸಿಕೊಳ್ಳಬೇಕು. ಸ್ಪರ್ಧಿಯ ಹೆಸರಿನಲ್ಲಿ ವಿಮೆ ಎಷ್ಟು ಮೊತ್ತದ್ದು, ಅದು ಅಭ್ಯಾಸದ ದಿನಕ್ಕೂ ಅನ್ವಯಿಸುತ್ತದೆಯೇ, ಯಾವ ಕಂಪೆನಿಯದು, ಪಾಲಿಸಿಯ ಸಂಖ್ಯೆ ಏನು ಎಂದು ಕೇಳಿ ಬರೆದುಕೊಳ್ಳಬೇಕು. ಆ ಸರ್ಕ್ಯೂಟಿನಲ್ಲಿ ಹಿಂದೆ ಆದ ಮರಣಗಳ ತನಿಖೆಯ ವರದಿಯನ್ನು ತೋರಿಸಿರೆಂದೂ ಕೇಳಬೇಕು, ಮತ್ತು ಕೊಟ್ಟ ಉತ್ತರವನ್ನು ತಾರೀಕಿನೊಡನೆ ಆ ಕಾಗದದ ಪ್ರತಿಯ ಹಿಂಬದಿಯಲ್ಲಿ ಗುರುತು ಹಾಕಿ ಇಟ್ಟುಕೊಳ್ಳಬೇಕು.